ಹಲ್ಲನ್ನಾಡಿಸುವ ಮಾಂಸಖಂಡಗಳು

ಹಲ್ಲಿನ ವಿಷಯವಾಗಿ ನಡೆಯುವ ಮಾತೆಲ್ಲ ಸಾಮಾನ್ಯವಾಗಿ ಹಲ್ಲಿನಲ್ಲಿಯೇ ಮೊದಲಾಗಿ ಹಲ್ಲಿನಲ್ಲಿಯೇ ಮುಗಿಯುತ್ತದೆ. ಹುಳುಕು, ವಸಡಿನ ರಕ್ತ, ಉಜ್ಜುವ ಕ್ರಮ, ಕೀಳಿಸಿಕೊಳ್ಳುವ ಭಯ, ಇವುಗಳಿಂದಾಚೆಗೆ ಮಾತು ಹೋಗುವುದು ಅಪರೂಪ. ಆದರೆ ಹಲ್ಲೆಂಬುದು ಒಂದು ಸಾಧನವಷ್ಟೆ. ಬಡಗಿಯ ಉಳಿ ಎಷ್ಟೇ ಹರಿತವಾಗಿದ್ದರೂ ಅದನ್ನು ಹಿಡಿದು ನಡೆಸುವ ಕೈಯಿಲ್ಲದಿದ್ದರೆ ಮರ ಕೆತ್ತಲಾರದು. ಹಲ್ಲಿನ ಹಿಂದೆ ನಿಂತು ಇಂತಹ ಕೈಯಾಗಿ ದುಡಿಯತಕ್ಕವು ಅಗಿಯುವ ಮಾಂಸಖಂಡಗಳು. ಇವುಗಳ ರಚನೆ ಎಂತಹುದು, ಕೆಲಸವೇನು, ಇವುಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ದಂತವೈದ್ಯವು ಏಕೆ ಪೂರ್ಣವಾಗಲಾರದು ಎಂಬುದನ್ನು ಈಗ ವಿಚಾರಮಾಡೋಣ.

ಮೊದಲು ಒಂದು ಸಣ್ಣ ಪರೀಕ್ಷೆ. ಶ್ರೋತೃಗಳು ಕೆಳದವಡೆಯ ಮೂಲೆಗಿಂತ ಸ್ವಲ್ಪ ಮೇಲೆ, ಕೆನ್ನೆಯ ಹಿಂಭಾಗದಲ್ಲಿ, ಬೆರಳುಗಳನ್ನಿಟ್ಟು ಹಲ್ಲನ್ನೊಮ್ಮೆ ಬಿಗಿಯಾಗಿ ಕಚ್ಚಲಿ. ಚರ್ಮದಡಿಯಲ್ಲಿ ಗಟ್ಟಿಯಾದ ಗೆಡ್ಡೆಯೊಂದು ಉಬ್ಬಿದಂತಾಗುವುದು. ಬೆರಳುಗಳನ್ನು ಈಗ ಕಣತಲೆಗೆ ಸರಿಸಿ ಮತ್ತೊಮ್ಮೆ ಕಚ್ಚಲಿ. ಬಾಯಿಗೂ ತನಗೂ ಸಂಬಂಧವೇ ಇಲ್ಲವೆಂಬಂತೆ ತೋರುವ ಆ ಸ್ಥಳವೂ ಮಿಡಿದು ಬಿಗಿಯಾಗುವುದು. ಅಗಿಯುವ ಮಾಂಸಖಂಡಗಳು ನಾಲ್ಕು ಜೊತೆ. ಅವುಗಳಲ್ಲಿ ಎರಡು ಜೊತೆ ಹೀಗೆ ಕೈಗೆ ಸಿಕ್ಕುವುವು. ಉಳಿದೆರಡು ಮುಖದ ಒಳಗಡೆ ಅಡಗಿರುವುವು.

ಕೆನ್ನೆಯಲ್ಲಿ ಉಬ್ಬಿದ ಖಂಡಕ್ಕೆ ವೈದ್ಯಗ್ರಂಥಗಳಲ್ಲಿ ಮ್ಯಾಸೆಟರ್ ಎಂದು ಹೆಸರು. ಗ್ರೀಕ್ ಭಾಷೆಯಲ್ಲಿ ಇದಕ್ಕೆ ಅಗಿಯತಕ್ಕದ್ದು ಎಂದೇ ಅರ್ಥ. ಇದು ಕೆನ್ನೆಮೂಳೆಯ ಕಮಾನಿನಿಂದ ಹೊರಟು ಕೆಳದವಡೆಯ ಮೂಲೆಯ ಹೊರಮೈಗೆ ಅಂಟಿಕೊಂಡಿದೆ. ಎರಡನೆಯದು ಟೆಂಪೊರಾಲಿಸ್. ಇದು ಬಿಚ್ಚಿದ ಬೀಸಣಿಗೆಯಂತೆ ತಲೆಯ ಪಕ್ಕದಲ್ಲಿ ಹರಡಿಕೊಂಡು, ಕೆಳಗೆ ಬರುತ್ತ ಕಿರಿದಾಗಿ, ಕೆನ್ನೆಮೂಳೆಯ ಕಮಾನಿನ ಒಳಗೆ ನುಸುಳಿ, ಕೆಳದವಡೆಯ ಮುಂಗೊಂಬಿಗೆ ಸೇರುತ್ತದೆ. ಇದರ ಮುಂದಿನ ಎಳೆಗಳು ನೆಟ್ಟಗೆ ನಿಂತಿವೆ. ಅವು ದವಡೆಯನ್ನು ಮೇಲಕ್ಕೆತ್ತುವುವು. ಹಿಂದಿನ ಎಳೆಗಳು ಅಡ್ಡಲಾಗಿ ಮಲಗಿವೆ. ಅವು ಮುಂದೆ ಚಾಚಿದ ದವಡೆಯನ್ನು ಹಿಂದಕ್ಕೆಳೆಯುವುವು.

ಮೂರನೆಯ ಮತ್ತು ನಾಲ್ಕನೆಯ ಖಂಡಗಳಿಗೆ ಟೆರಿಗಾಯಿಡ್ ಎಂಬ ಹೆಸರು. ತಲೆಬುರುಡೆಯ ತಳದಲ್ಲಿ ರೆಕ್ಕೆಯ ಆಕಾರದ ಒಂದು ಮೂಳೆಯ ಭಾಗವುಂಟು. ಅಲ್ಲಿಂದ ಹೊರಡುವುದರಿಂದ ಈ ಹೆಸರು ಬಂದಿತು. ಇವುಗಳಲ್ಲಿ ಒಳಗಿನದು ದವಡೆಯ ಮೂಲೆಯ ಒಳಮೈಗೆ ಸೇರುತ್ತದೆ. ಹೊರಮೈಯನ್ನು ಮ್ಯಾಸೆಟರ್ ಹಿಡಿದಿದೆಯಷ್ಟೆ. ಒಳಮೈಯನ್ನು ಇದು ಹಿಡಿದಿದೆ. ಹೀಗೆ ಇವೆರಡೂ ಕೂಡಿ ದವಡೆಯ ಮೂಲೆಯನ್ನು ಜೋಳಿಗೆಯಲ್ಲಿಟ್ಟಂತೆ ತೂಗಿ ಎತ್ತುತ್ತವೆ. ಹೊರಗಿನ ಟೆರಿಗಾಯಿಡ್ ಮಾತ್ರ ಬೇರೆ ಜಾತಿಯದು. ಮಿಕ್ಕ ಮೂರೂ ಬಾಯಿಯನ್ನು ಮುಚ್ಚತಕ್ಕವು. ಇದು ಮುಖ್ಯವಾಗಿ ತೆರೆಯುವುದಕ್ಕೆ ನೆರವಾಗತಕ್ಕದ್ದು. ಇದು ಅಡ್ಡಲಾಗಿ ಹಿಂದಕ್ಕೆ ಸಾಗಿ ದವಡೆಯ ಕೀಲುತಲೆಯ ಕತ್ತನ್ನೂ, ಕೀಲಿನ ನಡುವೆ ಇರುವ ಮೃದುವಾದ ಬಿಲ್ಲೆಯನ್ನೂ ಹಿಡಿದಿದೆ.

ಇಲ್ಲಿ ನಾವು ಗಮನಿಸತಕ್ಕ ವಿಶೇಷವೊಂದುಂಟು. ಕಿವಿಯ ಮುಂದೆಯೇ ಬೆರಳನ್ನಿಟ್ಟು ಬಾಯನ್ನು ಮೆಲ್ಲನೆ ಪೂರ್ತಿಯಾಗಿ ತೆರೆದರೆ, ಮೊದಲು ಕೀಲುತಲೆಯು ಇದ್ದಲ್ಲಿಯೇ ತಿರುಗುವುದೂ, ಬಳಿಕ ಇದ್ದ ಗುಳಿಯನ್ನು ಬಿಟ್ಟು ಮುಂದಕ್ಕೆ ಜಾರುವುದೂ ತಿಳಿಯುವುದು. ಬಾಗಿಲಿನ ತಿರುಗಣೆ ಇದ್ದ ಸ್ಥಳದಲ್ಲಿಯೇ ತಿರುಗುತ್ತದೆ. ನಮ್ಮ ದವಡೆಯ ತಿರುಗಣೆಯಾದರೋ ತಿರುಗುತ್ತಲೇ ಜಾರುತ್ತದೆ. ಹೀಗೆ ಮುಂದಕ್ಕೆ ಜಾರಿಸತಕ್ಕದ್ದೇ ಹೊರಗಿನ ಟೆರಿಗಾಯಿಡ್. ಎರಡು ಪಕ್ಕದವೂ ಕೂಡಿ ಎಳೆದರೆ ದವಡೆ ಮುಂದೆ ಬರುವುದು. ಬಲಗಡೆಯದು ಮಾತ್ರ ಎಳೆದರೆ ಗಲ್ಲವು ಎಡಕ್ಕೆ ಸರಿಯುವುದು. ಗಲ್ಲದ ಕೆಳಗಿನ ಇತರ ಸಣ್ಣ ಖಂಡಗಳೂ ಭೂಮಿಯ ಆಕರ್ಷಣೆಯೂ ಬಾಯಿ ತೆರೆಯುವುದರಲ್ಲಿ ಇದಕ್ಕೆ ಸಹಾಯಕವಾಗಿವೆ.

ಈ ಜಾರುವ ಗುಣದಿಂದಲೇ ಒಂದು ಅಪಾಯವೂ ಉಂಟು. ದೊಡ್ಡದಾಗಿ ಆಕಳಿಸಿದಾಗ ಕೆಲವರ ಕೀಲುತಲೆಯು ಮುಂದಿನ ದಿಣ್ಣೆಯನ್ನು ದಾಟಿಬಿಡುತ್ತದೆ. ಆಗ ಮುಚ್ಚತಕ್ಕ ಖಂಡಗಳು ಬಿಗಿದು ದವಡೆಯನ್ನು ಅಲ್ಲಿಯೇ ಮೇಲಕ್ಕೆ ಒತ್ತಿಹಿಡಿಯುವುದರಿಂದ ಬಾಯಿ ತೆರೆದೇ ನಿಲ್ಲುತ್ತದೆ. ವೈದ್ಯನು ಹೆಬ್ಬೆರಳುಗಳನ್ನು ಬಾಯೊಳಗಿಟ್ಟು ದವಡೆಯನ್ನು ಕೆಳಕ್ಕೊತ್ತಿ ಹಿಂದಕ್ಕೆ ತಳ್ಳಿದರೆ ಅದು ಸ್ವಸ್ಥಾನವನ್ನು ಸೇರುವುದು. ಕ್ರಿ. ಪೂ. ೧೬೦೦ರ ಸುಮಾರಿನದೆಂದು ಹೇಳುವ ಈಜಿಪ್ಟಿನ ಎಡ್ವಿನ್ ಸ್ಮಿತ್ ಪಪೈರಸ್ಸಿನಲ್ಲಿ ಇದೇ ಉಪಾಯವಿದೆ. ನಮ್ಮ ಸುಶ್ರುತ ಸಂಹಿತೆಯೂ ಜಾರಿದ ಹನುಸಂಧಿಗೆ ಶಾಖ ಕೊಟ್ಟು, ಸರಿಯಾಗಿ ಕೂಡಿಸಿ, ಪಟ್ಟಿ ಕಟ್ಟುವ ಕ್ರಮವನ್ನು ಹೇಳುತ್ತದೆ. ಶಾಖದಿಂದ ಮಾಂಸಖಂಡವು ಸಡಿಲವಾಗುವುದೆಂಬ ಅನುಭವವು ಆ ಕಾಲದವರಿಗೂ ಇದ್ದಿತೆಂದು ಇದರಿಂದ ತಿಳಿಯಬಹುದು.

ಅಗಿಯುವುದೆಂದರೆ ಬರಿಯ ತೆರೆದು ಮುಚ್ಚುವುದಲ್ಲ. ಬೆಕ್ಕು ಹುಲಿಗಳ ದವಡೆಯು ಹೆಚ್ಚುಮಟ್ಟಿಗೆ ಕತ್ತರಿಯಂತೆ ಮೇಲೆ ಕೆಳಗೆ ಮಾತ್ರ ಆಡುತ್ತದೆ. ಅವುಗಳಲ್ಲಿ ಕಣತಲೆಯ ಖಂಡವೇ ದೊಡ್ಡದು. ಮೆಲುಕುಹಾಕುವ ಹಸುವಿನ ದವಡೆಯು ಬೀಸುವ ಕಲ್ಲಿನಂತೆ ಪಕ್ಕಕ್ಕೆ ಆಡುತ್ತದೆ. ಅದರಲ್ಲಿ ಮ್ಯಾಸೆಟರೂ ಒಳಗಿನ ಟೆರಿಗಾಯಿಡೂ ಬಲವಾಗಿರುವುವು. ಎಲ್ಲವನ್ನೂ ತಿನ್ನುವ ಮನುಷ್ಯನಿಗೆ ಎರಡು ಬಗೆಯ ಚಲನೆಗಳೂ ಒದಗಿವೆ. ಬಾಚಿಹಲ್ಲಿನಿಂದ ಸೀಬೆಹಣ್ಣನ್ನು ಕಚ್ಚುವಾಗ ಕತ್ತರಿ. ದವಡೆಹಲ್ಲಿನಿಂದ ಅವಲಕ್ಕಿಯನ್ನು ಅರೆಯುವಾಗ ಬೀಸುವ ಕಲ್ಲು.

ಅಡಕೆಯನ್ನು ಕತ್ತರಿಸುವವರು ಅದನ್ನು ಅಡಕತ್ತರಿಯ ತುದಿಗಿಡದೆ ಕೀಲಿನ ಹತ್ತಿರಕ್ಕೆ ಇಡುವರು. ಕೀಲು ಸಮೀಪವಾದಷ್ಟೂ ಬಲ ಹೆಚ್ಚು. ದವಡೆಯಲ್ಲಿಯೂ ಹೀಗೆಯೇ. ಗಟ್ಟಿ ಪದಾರ್ಥವನ್ನು ನಾವು ಯೋಚಿಸದೆಯೇ ದವಡೆಹಲ್ಲಿಗೆ ಒಯ್ಯುತ್ತೇವೆ. ಆರೋಗ್ಯವಂತರು ಬಲವಾಗಿ ಕಚ್ಚಿದಾಗ ಅಲ್ಲಿ ಐವತ್ತು ಕಿಲೋಗ್ರಾಂ ತೂಕದ ಆಸುಪಾಸಿನ ಒತ್ತಡ ಬೀಳಬಹುದು. ಬಾಚಿಹಲ್ಲಿನಲ್ಲಿ ಇದರ ಒಂದು ಅಂಶ ಮಾತ್ರ. ಇಷ್ಟು ಬಲಕ್ಕೆ ಕಾವಲಿಲ್ಲದಿದ್ದರೆ ಹಲ್ಲು ಉಳಿಯುವುದೆಂತು? ಹಲ್ಲಿನ ಬೇರನ್ನು ಮೂಳೆಯ ಗೂಡಿಗೆ ಕಟ್ಟಿರುವ ನಾರಿನ ಪೊರೆಯಲ್ಲಿ ಸೂಕ್ಷ್ಮವಾದ ನರಗಳುಂಟು. ಅನ್ನದಲ್ಲಿ ಕಲ್ಲು ಸಿಕ್ಕಿದೊಡನೆ, ಅದು ಕಲ್ಲೆಂದು ಮನಸ್ಸಿಗೆ ಹೊಳೆಯುವುದಕ್ಕೆ ಮುಂಚೆಯೇ, ದವಡೆಯು ತಡೆದು ನಿಲ್ಲುವುದು. ಇದು ಆ ನರಗಳು ಕಳುಹಿಸಿದ ಸುದ್ದಿಯ ಫಲ.

ಈ ನಾಲ್ಕು ಜೊತೆ ಖಂಡಗಳಿಗೂ ಅಪ್ಪಣೆ ಬರುವುದು ಒಂದೇ ನರದ ಮೂಲಕ. ಮಿದುಳಿನಿಂದ ಹೊರಡುವ ಐದನೆಯ ನರವು ಮುಖದಲ್ಲಿ ಮೂರು ಕವಲಾಗುತ್ತದೆ. ಅದರ ಮೂರನೆಯ ಕವಲೇ ಇವುಗಳ ಒಡೆಯ. ರೇಡಿಯೋ ಕೇಳುವವರಿಗೆ ಸ್ವಾರಸ್ಯವೆನಿಸುವ ಸಂಗತಿಯೊಂದಿದೆ. ಕಿವಿಯ ತಮಟೆಯನ್ನು ಬಿಗಿಮಾಡಿ, ನಾವು ಅಗಿಯುವ ಸದ್ದು ನಮಗೇ ಕರ್ಕಶವಾಗದಂತೆ ತಗ್ಗಿಸುವ ಪುಟ್ಟ ಖಂಡಕ್ಕೂ ಇದೇ ಕವಲಿನಿಂದಲೇ ನರ ಬರುತ್ತದೆ. ನೆರೆಹೊರೆಯ ಈ ಸಂಬಂಧ ಬಹಳ ಹಳೆಯದು. ನಮ್ಮ ಕಿವಿಯೊಳಗಿನ ಎರಡು ಸಣ್ಣ ಮೂಳೆಗಳು ಹಲ್ಲಿ ಹಾವುಗಳ ದವಡೆಯ ಕೀಲಿನ ಮೂಳೆಗಳಿಗೆ ಸಮಾನವಾದುವೆಂದು ಜರ್ಮನಿಯ ರೈಶರ್ಟ್ ಎಂಬ ವಿದ್ವಾಂಸನು ೧೮೩೭ರಲ್ಲಿಯೇ ತೋರಿಸಿದನು.

ಇಷ್ಟು ರಚನೆಯನ್ನು ತಿಳಿದಮೇಲೆ ದಂತವೈದ್ಯದ ಮಾತಿಗೆ ಬರೋಣ. ಸುಮ್ಮನಿರುವಾಗ ನಮ್ಮ ಹಲ್ಲುಗಳು ಒಂದನ್ನೊಂದು ಮುಟ್ಟಿಕೊಂಡಿರುವುವೆಂದು ಬಹುಮಂದಿ ಎಣಿಸಿದ್ದಾರೆ. ಹಾಗಲ್ಲ. ತುಟಿ ಮುಚ್ಚಿ ವಿಶ್ರಾಂತಿಯಲ್ಲಿರುವಾಗ ಮೇಲಿನ ಕೆಳಗಿನ ಹಲ್ಲುಗಳ ನಡುವೆ ಎರಡರಿಂದ ನಾಲ್ಕು ಮಿಲಿಮೀಟರ್ ತೆರಪಿರುವುದೇ ಸಹಜ. ಅಗಿಯುವಾಗಲೂ ನುಂಗುವಾಗಲೂ ಕ್ಷಣಕ್ಷಣ ಮುಟ್ಟುವುದನ್ನೆಲ್ಲ ಕೂಡಿಸಿದರೂ ದಿನಕ್ಕೆ ಸುಮಾರು ೨೦ ನಿಮಿಷ ಮೀರದೆಂದು ಲೆಕ್ಕಹಾಕಿದ್ದಾರೆ. ಮಿಕ್ಕ ಹೊತ್ತೆಲ್ಲ ಈ ಖಂಡಗಳಿಗೆ ವಿರಾಮ ದೊರೆಯಬೇಕು.

ಹಲ್ಲಿನ ಸೆಟ್ಟನ್ನು ಕಟ್ಟುವಾಗ ವೈದ್ಯನು ಮೂಗಿನಿಂದ ಗಲ್ಲಕ್ಕೆ ಅಳತೆ ತೆಗೆಯುವುದೂ, ಮಕಾರವನ್ನು ಉಚ್ಚರಿಸಿ ಸುಮ್ಮನಿರೆಂದು ಹೇಳುವುದೂ ಈ ತೆರಪನ್ನು ಕಂಡುಕೊಳ್ಳುವುದಕ್ಕಾಗಿಯೇ. ಸೆಟ್ಟು ಎತ್ತರವಾದರೆ ತೆರಪು ಮಾಯವಾಗಿ, ಖಂಡಗಳು ಹಗಲೆಲ್ಲ ದುಡಿದು ನೋಯುವುವು. ಮಾತನಾಡುವಾಗ ಹಲ್ಲುಗಳು ಟಕಟಕನೆ ತಾಗುವುವು. ಗಿಡ್ಡವಾದರೆ ಮುಖ ಕುಗ್ಗಿ, ಗಲ್ಲವು ಮೂಗಿನ ಕಡೆಗೆ ಏರುವುದು. ಪೂರ್ತಿ ಸೆಟ್ಟನ್ನು ಕಟ್ಟಿಸಿಕೊಂಡವರು ಸ್ವಂತ ಹಲ್ಲುಳ್ಳವರ ಬಲದ ಮೂರನೆಯ ಒಂದು ಭಾಗವನ್ನೂ ಸಾಮಾನ್ಯವಾಗಿ ಮುಟ್ಟಲಾರರು. ಬೇರಿನ ಸುತ್ತಲಿನ ಕಾವಲು ನರಗಳೂ ಹಲ್ಲಿನೊಡನೆ ಹೋಗಿರುತ್ತವೆ. ಆದುದರಿಂದ ಹೊಸ ಹಲ್ಲಿಗೆ ಮಾಂಸಖಂಡಗಳು ಹೊಂದಿಕೊಳ್ಳುವುದಕ್ಕೆ ಕೆಲವು ವಾರಗಳ ತಾಳ್ಮೆ ಬೇಕು.

ವಿರಾಮವನ್ನು ನಾವೇ ಕೆಡಿಸಿಕೊಳ್ಳುವುದೂ ಉಂಟು. ಚಿಂತೆಯಲ್ಲಿಯೂ ಏಕಾಗ್ರತೆಯಲ್ಲಿಯೂ ಹಲ್ಲು ಕಚ್ಚಿಕೊಂಡಿರುವವರು, ನಿದ್ರೆಯಲ್ಲಿ ಕಟಕಟನೆ ಹಲ್ಲು ಕಡಿಯುವವರು, ಬೆಳಿಗ್ಗೆ ಏಳುವಾಗ ದವಡೆ ಬಿಗಿದಿರುವುದನ್ನೂ ಕಣತಲೆ ನೋಯುವುದನ್ನೂ ಕಾಣುವರು. ಮಕ್ಕಳು ಹಲ್ಲು ಕಡಿದರೆ ಹೊಟ್ಟೆಯಲ್ಲಿ ಜಂತುಹುಳುವಿದೆಯೆಂಬ ಮಾತು ನಮ್ಮ ಮನೆಗಳಲ್ಲಿ ರೂಢಿಯಾಗಿದೆ. ಹುಳುವೇ ಕಾರಣವೆಂಬುದಕ್ಕೆ ತಕ್ಕ ಆಧಾರವಿಲ್ಲ. ಬಹುಮಂದಿ ಮಕ್ಕಳಲ್ಲಿ ಬೆಳೆಯುತ್ತ ಅದು ತಾನಾಗಿ ನಿಲ್ಲುತ್ತದೆ.

ಇಲ್ಲಿಯೇ ದೊಡ್ಡದೊಂದು ಮೋಸವಿದೆ. ದಣಿದ ಮಾಂಸಖಂಡದ ನೋವು ಯಾವಾಗಲೂ ಇದ್ದಲ್ಲಿಯೇ ತೋರುವುದಿಲ್ಲ. ಮ್ಯಾಸೆಟರಿನ ನೋವು ದವಡೆಹಲ್ಲಿನ ನೋವಾಗಿಯೂ, ಕಣತಲೆಯ ಖಂಡದ ನೋವು ಮೇಲಿನ ಹಲ್ಲುಗಳ ನೋವಾಗಿಯೂ, ಒಮ್ಮೊಮ್ಮೆ ಕಿವಿನೋವಾಗಿಯೂ ತೋರಬಹುದು. ರೋಗಿಯು ಹಲ್ಲೊಂದನ್ನು ಬೆರಳಿಟ್ಟು ತೋರಿಸಿ ಇದನ್ನು ಕಿತ್ತುಬಿಡಿ ಎನ್ನುವನು. ಕಿತ್ತರೂ ನೋವು ಹೋಗದು. ಆಗ ಪಕ್ಕದ ಹಲ್ಲಿನ ಮೇಲೆ ಸಂಶಯ. ಹೀಗೆ ಒಳ್ಳೆಯ ಹಲ್ಲುಗಳು ನಷ್ಟವಾದುದುಂಟು. ಹಲ್ಲಿನಲ್ಲಿ ಹುಳುಕಾಗಲಿ ಬಿರುಕಾಗಲಿ ಕಾಣದೆ, ಚಿತ್ರದಲ್ಲಿ ಬೇರು ಸ್ವಸ್ಥವಾಗಿದ್ದು, ಖಂಡವನ್ನೊತ್ತಿದಾಗ ಅದೇ ನೋವು ಮರುಕಳಿಸಿದರೆ, ದೋಷವನ್ನು ಮಾಂಸಖಂಡದಲ್ಲಿ ಹುಡುಕಬೇಕು. ಮೆತ್ತನೆಯ ಆಹಾರ, ಬೆಚ್ಚನೆಯ ಶಾಖ, ಹಗಲಿನಲ್ಲಿ ಹಲ್ಲು ಬಿಟ್ಟಿರುವ ಅಭ್ಯಾಸ, ಬೇಕಾದರೆ ರಾತ್ರಿ ಹಲ್ಲಿಗೆ ತೊಡಿಸುವ ಕವಚ, ಇಷ್ಟರಿಂದಲೇ ಅನೇಕರಿಗೆ ಗುಣವಾಗುತ್ತದೆ.

ಬಾಯಿ ತೆರೆಯಲಾರದ ಸ್ಥಿತಿಯನ್ನೂ ಹೇಳಬೇಕು. ತಮ್ಮ ಮೂರು ಬೆರಳುಗಳನ್ನು ಜೋಡಿಸಿ ಬಾಚಿಹಲ್ಲುಗಳ ನಡುವೆ ನಿಲ್ಲಿಸಲು ಸಾಧ್ಯವಾದರೆ ಬಾಯಿ ಸರಿಯಾಗಿ ತೆರೆಯುತ್ತದೆಂದು ಸ್ಥೂಲವಾಗಿ ತಿಳಿಯಬಹುದು. ಬುದ್ಧಿಹಲ್ಲಿನ ಸುತ್ತ ಕೀವಾದಾಗ ಸಮೀಪದ ಖಂಡಗಳು ಬಿಗಿದು ಬಾಯಿ ಕಟ್ಟುತ್ತದೆ. ಹಲ್ಲು ಕೀಳುವ ಮುಂಚೆ ಕೊಡುವ ಚುಚ್ಚುಮದ್ದಿನ ಸೂಜಿಯು ಒಳಗಿನ ಟೆರಿಗಾಯಿಡನ್ನು ತಾಗಿದರೂ ಕೆಲವು ದಿನ ಹೀಗಾಗುವುದುಂಟು. ಗಾಯವಾದ ಮೇಲೆ ದವಡೆ ಬಿಗಿದರೆ ಅದು ಧನುರ್ವಾಯುವಿನ ಮೊದಲ ಗುರುತಾಗಿರಬಹುದು. ಆಗ ಒಂದು ಗಳಿಗೆಯೂ ತಡಮಾಡಕೂಡದು.

ನಮ್ಮ ನಾಡಿಗೆ ಹೆಚ್ಚು ಸಂಬಂಧಪಟ್ಟ ಕಾರಣವು ಅಡಕೆ. ಭಾರತದಲ್ಲಿ ಅತ್ಯಧಿಕವಾಗಿ ಅಡಕೆ ಬೆಳೆಯುವುದು ಕರ್ನಾಟಕವೇ. ತಾಂಬೂಲವಿಲ್ಲದ ಶುಭಕಾರ್ಯ ನಮ್ಮಲ್ಲಿಲ್ಲ. ಆದರೆ ದಿನವೂ ಅಡಕೆಯನ್ನು ಅಗಿಯುವವರಲ್ಲಿ ಕೆನ್ನೆಯ ಒಳಪೊರೆಯು ಬೆಳ್ಳಗಾಗಿ, ನಾರುಗಟ್ಟಿ, ಹಗ್ಗ ಬಿಗಿದಂತಾಗುವ ರೋಗವೊಂದು ಬರುತ್ತದೆ. ೧೯೫೨ರಲ್ಲಿ ಶ್ವಾರ್ಟ್ಸ್ ಎಂಬುವನು ಕೀನ್ಯದಲ್ಲಿದ್ದ ಐವರು ಭಾರತೀಯ ಸ್ತ್ರೀಯರಲ್ಲಿ ಇದನ್ನು ವರ್ಣಿಸಿದನು. ಮರುವರ್ಷ ಮುಂಬಯಿಯ ಜೋಷಿಯವರು ಇದನ್ನು ವಿವರಿಸಿದರು. ಮೊದಮೊದಲು ಖಾರ ತಿಂದರೆ ಉರಿ. ಬಳಿಕ ಮೂರು ಬೆರಳು ಹಿಡಿಯುತ್ತಿದ್ದ ಬಾಯಿ ಎರಡಕ್ಕೆ, ಒಂದಕ್ಕೆ ಇಳಿಯುವುದು. ತೆರೆಯುವ ಖಂಡಗಳು ಎಳೆದರೂ ಬಿಗಿದ ಪೊರೆಯು ಬಿಡದು. ಈ ರೋಗವು ಕೆಲವರಲ್ಲಿ ಕ್ಯಾನ್ಸರಿಗೂ ತಿರುಗುತ್ತದೆ. ಹೊಗೆಸೊಪ್ಪಿಲ್ಲದ ಬರಿಯ ಅಡಕೆಯೂ ಕ್ಯಾನ್ಸರಿಗೆ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆಗೆ ಸೇರಿದ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ೨೦೦೪ರಲ್ಲಿ ಪ್ರಕಟಿಸಿತು. ಪುಡಿಮಾಡಿ ಪೊಟ್ಟಣಕಟ್ಟಿ ಮಾರುವ ಪಾನ್ ಮಸಾಲೆಯಿಂದ ಹದಿಹರೆಯದವರಲ್ಲಿಯೂ ಬಾಯಿ ಕಟ್ಟುತ್ತಿರುವುದು ಶೋಚನೀಯ. ಒಮ್ಮೆ ನಾರುಗಟ್ಟಿದ ಪೊರೆಯು ಮೊದಲಿನಂತಾಗುವುದು ಕಷ್ಟ. ಬೇಗ ಕಂಡು, ಅಡಕೆಯನ್ನು ಬಿಟ್ಟು, ಚಿಕಿತ್ಸೆ ಪಡೆಯುವುದೇ ದಾರಿ.

ಒಟ್ಟಿನಲ್ಲಿ ಹೇಳುವುದಾದರೆ, ಬಾಯಿಯೆಂಬುದು ಬಿಡಿಬಿಡಿಯಾದ ೩೨ ಹಲ್ಲುಗಳ ಸಾಲಲ್ಲ; ಹಲ್ಲು, ಕೀಲು, ನರ, ಮಾಂಸಖಂಡ ಇವುಗಳೆಲ್ಲ ಕೂಡಿ ನಡೆಸುವ ಒಂದು ಸಂಸಾರ. ಕಾರಣವಿಲ್ಲದೆ ಹಲ್ಲು ನೊಂದಾಗ ಕೀಳಿಸುವ ಮುಂಚೆ ಕೆನ್ನೆಯನ್ನೂ ಕಣತಲೆಯನ್ನೂ ಒಮ್ಮೆ ಒತ್ತಿ ನೋಡಿಕೊಳ್ಳಿರಿ. ಅಡಕೆ ಹಾಕುವವರು ಮನೆಯಲ್ಲಿದ್ದರೆ ಅವರ ಬಾಯಿ ಎಷ್ಟು ಬೆರಳು ಹಿಡಿಯುತ್ತದೆಂದು ಆಗಾಗ ಪರೀಕ್ಷಿಸಿರಿ. ಕೆಲಸವಿಲ್ಲದ ಹೊತ್ತಿನಲ್ಲಿ ತುಟಿಗಳು ಕೂಡಿರಲಿ, ಹಲ್ಲುಗಳು ಬಿಟ್ಟಿರಲಿ.