ಬೆಟ್ಟದ ದಾರಿಯಲ್ಲೊಂದು ಬಂಧುಗಳ ಮನೆ

ರಜೆ ಬಂತೆಂದರೆ ಮನೆಯ ಮಕ್ಕಳು ಬೆಟ್ಟ, ಜಲಪಾತ, ಸಮುದ್ರತೀರಗಳ ಹೆಸರು ಹೇಳತೊಡಗುತ್ತಾರೆ. ಬೆಂಗಳೂರು ಕಡೆಯ ಯುವಕರ ಬಾಯಲ್ಲಿ ಆಗಾಗ ಕೇಳಿಬರುವ ಹೆಸರು ಸ್ಕಂದಗಿರಿ. ಬೆಂಗಳೂರಿನಿಂದ ಸುಮಾರು 60 ಕಿ.ಮೀ. ದೂರದಲ್ಲಿ, ಚಿಕ್ಕಬಳ್ಳಾಪುರ ಪಟ್ಟಣದ ಮಗ್ಗುಲಲ್ಲೇ ಇರುವ ಈ ಬೆಟ್ಟಕ್ಕೆ ಕಳವಾರ ದುರ್ಗ ಎಂಬ ಹೆಸರೂ ಇದೆ. ಎತ್ತರ ಸುಮಾರು 1450 ಮೀಟರ್. ಮೇಲೆ ಹಳೆಯ ಕೋಟೆಯ ಅವಶೇಷಗಳಿವೆ. ಚಳಿಗಾಲದ ಮುಂಜಾವಿನಲ್ಲಿ ಅಲ್ಲಿ ನಿಂತರೆ ಮೋಡಗಳು ಕಾಲ ಕೆಳಗೆ ಹರಡಿಕೊಂಡಿರುತ್ತವೆ. ಅದನ್ನು ನೋಡಲೆಂದೇ ಜನರು ಅರಣ್ಯ ಇಲಾಖೆಯ ಅನುಮತಿ ಪಡೆದು, ನಿದ್ದೆಗೆಟ್ಟು, ಏದುಸಿರು ಬಿಡುತ್ತಾ ಬೆಟ್ಟ ಹತ್ತುತ್ತಾರೆ.

ಈಗ ಇನ್ನೊಂದು ಕಡೆಯಿಂದ ಯೋಚಿಸಿ ನೋಡಿ. ಅದೇ ಚಿಕ್ಕಬಳ್ಳಾಪುರದಲ್ಲಿ ನಿಮ್ಮ ಫುಫು ಇದ್ದಾರೆ. ಅರ್ಧ ಗಂಟೆ ಮುಂದೆ ಹೋದರೆ ಸಿಗುವ ಶಿಡ್ಲಘಟ್ಟಕ್ಕೆ ನಿಮ್ಮ ಖಾಲಾನ ಮಗಳನ್ನು ಮದುವೆ ಮಾಡಿ ಕೊಟ್ಟಿದ್ದಾರೆ. ನಿಮ್ಮ ಮಕ್ಕಳು ಮೋಡದ ಮುಂದೆ ನಿಂತು ತೆಗೆಸಿಕೊಂಡ ಫೋಟೋ ಬೆಳಿಗ್ಗೆ ಏಳು ಗಂಟೆಗೇ ಮೊಬೈಲ್ ಸ್ಟೇಟಸ್‌ನಲ್ಲಿ ಬರುತ್ತದೆ. ಅದನ್ನು ಅವರೂ ನೋಡುತ್ತಾರೆ. "ಇಷ್ಟು ಹತ್ತಿರ ಬಂದು ಹಾಗೇ ಹೋದರಲ್ಲ" ಎಂದು ಅವರು ಯಾರ ಬಳಿಯೂ ಹೇಳಲಿಕ್ಕಿಲ್ಲ. ಆದರೆ ಆ ದಿನ ಅವರ ಮನಸ್ಸಿನಲ್ಲಿ ಏನೋ ಒಂದು ಮುದುಡಿರುತ್ತದೆ. ತವರಿನಿಂದ ದೂರ ಬಂದು ಬದುಕುವ ಹೆಣ್ಣಿಗೆ ತವರಿನ ಕಡೆಯವರ ಕಾರು ತನ್ನ ಊರನ್ನು ದಾಟಿ ಹೋಯಿತೆಂಬುದು ಸಣ್ಣ ನೋವಲ್ಲ.

ಒಂದು ಮದುವೆ, ಒಂದು ಮರಣ, ಒಂದು ಈದ್. ಇಂದು ಬಂಧುಗಳ ಭೇಟಿ ಬಹುತೇಕ ಈ ಮೂರಕ್ಕೇ ಸೀಮಿತವಾಗುತ್ತಿದೆ. ಈ ಮೂರೂ ಸಂದರ್ಭಗಳಲ್ಲಿ ಗದ್ದಲವೇ ಹೆಚ್ಚು, ಮಾತು ಕಡಿಮೆ. ಪ್ರಯಾಣದ ನಡುವೆ ಒಂದು ಗಂಟೆ ಇಳಿದು ಹೋಗುವ ಭೇಟಿ ಹಾಗಲ್ಲ. ಅದಕ್ಕೆ ಯಾವ ಕಾರಣವೂ ಬೇಕಿಲ್ಲ. ಅದರ ಬೆಲೆ ಇರುವುದೂ ಅದರಲ್ಲೇ.

ಇಬ್ಬರ ಹಕ್ಕು, ಒಂದೇ ಸೂಕ್ತ

ರಕ್ತಸಂಬಂಧವನ್ನು ಜೋಡಿಸುವುದನ್ನು ಇಸ್ಲಾಮ್ ಬರೀ ಒಳ್ಳೆಯ ಅಭ್ಯಾಸವೆಂದು ಬಿಟ್ಟಿಲ್ಲ, ಹಕ್ಕು ಎಂದು ಪರಿಗಣಿಸಿದೆ. ಪವಿತ್ರ ಕುರ್‌ಆನ್‌ನ ಬನೀ ಇಸ್ರಾಈಲ್ ಅಧ್ಯಾಯದ 26ನೇ ಸೂಕ್ತವು ಬಂಧುವಿಗೆ, ಬಡವನಿಗೆ ಮತ್ತು ಪ್ರಯಾಣಿಕನಿಗೆ ಅವರವರ ಹಕ್ಕನ್ನು ಕೊಡುವಂತೆ ಆದೇಶಿಸುತ್ತದೆ. ಬಂಧು ಮತ್ತು ಪ್ರಯಾಣಿಕ ಇಬ್ಬರೂ ಒಂದೇ ಸಾಲಿನಲ್ಲಿ ಬಂದಿರುವುದನ್ನು ಗಮನಿಸಿ. ದಾರಿಯಲ್ಲಿ ಬಂಧುವಿನ ಮನೆಗೆ ಇಳಿದಾಗ ನೀವು ಬಂಧುವಿನ ಹಕ್ಕನ್ನು ಸಲ್ಲಿಸುತ್ತೀರಿ. ಅವರು ನಿಮಗೆ ನೀರು, ನೆರಳು ಕೊಟ್ಟು ಪ್ರಯಾಣಿಕನ ಹಕ್ಕನ್ನು ಸಲ್ಲಿಸುತ್ತಾರೆ. ಒಂದು ಗಂಟೆಯಲ್ಲಿ ಎರಡು ಮನೆಯವರಿಗೂ ಪುಣ್ಯ. ತನ್ನ ಜೀವನಾಧಾರ ವಿಶಾಲವಾಗಬೇಕು, ಆಯುಷ್ಯ ದೀರ್ಘವಾಗಬೇಕು ಎಂದು ಬಯಸುವವನು ಕುಟುಂಬ ಸಂಬಂಧವನ್ನು ಜೋಡಿಸಲಿ ಎಂಬ ಅರ್ಥದ ಪ್ರವಾದಿ ವಚನ(ಸ) ಬುಖಾರಿ ಗ್ರಂಥದಲ್ಲಿದೆ.

ಹಡಗು ನಿಂತ ಊರುಗಳಲ್ಲಿ

ಹಾಯಿಹಡಗುಗಳ ಕಾಲದಲ್ಲಿ ಪ್ರಯಾಣವೆಂದರೆ ನಿಂತು ನಿಂತು ಹೋಗುವುದೇ ಆಗಿತ್ತು. 14ನೇ ಶತಮಾನದಲ್ಲಿ, 1342ರ ಆಸುಪಾಸಿನಲ್ಲಿ, ಪ್ರಸಿದ್ಧ ಪ್ರವಾಸಿ ಇಬ್ನ್ ಬತೂತಾ ದೆಹಲಿಯ ಸುಲ್ತಾನನ ರಾಯಭಾರಿಯಾಗಿ ಚೀನಾಕ್ಕೆ ಹೊರಟು ನಮ್ಮ ಕರಾವಳಿಯ ಮೂಲಕ ಸಾಗಿದರು. ಅವರ ಹಡಗು ಹೊನ್ನಾವರದಲ್ಲಿ ನಿಂತಿತು. ಆ ಊರಿನ ಮಹಿಳೆಯರು ಕುರ್‌ಆನ್ ಕಂಠಪಾಠ ಮಾಡಿದ್ದರೆಂದೂ, ಅಲ್ಲಿ ಹುಡುಗಿಯರಿಗಾಗಿ 13 ಮತ್ತು ಹುಡುಗರಿಗಾಗಿ 23 ಶಾಲೆಗಳಿದ್ದವೆಂದೂ ಅವರು ಬರೆದಿಟ್ಟಿದ್ದಾರೆ. ಊರಿನೊಳಗೆ ಹೋಗಿ ಜನರೊಂದಿಗೆ ಬೆರೆಯದೆ ಹಡಗಿನಲ್ಲೇ ಕುಳಿತಿದ್ದರೆ ಈ ಸಂಗತಿ ನಮಗೆ ತಿಳಿಯುತ್ತಲೇ ಇರಲಿಲ್ಲ. ಮುಂದೆ ಮಂಗಳೂರಿನಲ್ಲಿ ಊರಿನ ಕಾಝಿ ಹಡಗಿಗೇ ಬಂದು, ಇಳಿದು ಬರುವಂತೆ ಒತ್ತಾಯಿಸಿದರು. ಅಲ್ಲಿ ಅವರು ಮೂರು ದಿನ ಅತಿಥಿಯಾಗಿದ್ದರು.

ಕಥೆ ಇಲ್ಲಿಗೇ ಮುಗಿಯುವುದಿಲ್ಲ. ಮುಂದೆ ಕಲ್ಲಿಕೋಟೆಯಲ್ಲಿ ಬಿರುಗಾಳಿಗೆ ಹಡಗು ಒಡೆದು ಎಲ್ಲವೂ ನಷ್ಟವಾದಾಗ ಇಬ್ನ್ ಬತೂತಾ ಮರಳಿ ಬಂದದ್ದು ಹೊನ್ನಾವರದ ಅದೇ ಸುಲ್ತಾನ್ ಜಮಾಲುದ್ದೀನರ ಆಶ್ರಯಕ್ಕೆ. ದಾರಿಯಲ್ಲಿ ಆದ ಸಣ್ಣ ಪರಿಚಯ ಕಷ್ಟಕಾಲದಲ್ಲಿ ಬಾಗಿಲು ತೆರೆಯಿತು. ಅಪರಿಚಿತರ ನಡುವೆಯೇ ಹೀಗಾದರೆ, ಬಂಧುಗಳ ಮಾತೇನು?

ಶಿಡ್ಲಘಟ್ಟದ ಗಡಿಯಾರ

ಇಳಿದು ಹೋಗುವುದು ಸರಿ, ಯಾವ ಹೊತ್ತಿಗೆ? ಸ್ಕಂದಗಿರಿಯಿಂದ ಇಳಿದ ತಂಡ ಬೆಳಿಗ್ಗೆ ಹತ್ತು ಹನ್ನೊಂದರ ಹೊತ್ತಿಗೆ ಬಿಡುವಾಗುತ್ತದೆ. ನಮಗೆ ಬಿಡುವಾದ ಹೊತ್ತು ಅವರಿಗೂ ಬಿಡುವೇ ಎಂದು ಯೋಚಿಸುವವರು ಕಡಿಮೆ.

ಶಿಡ್ಲಘಟ್ಟ ರೇಷ್ಮೆಯ ಊರು. ಅಲ್ಲಿನ ಸರ್ಕಾರಿ ರೇಷ್ಮೆಗೂಡಿನ ಮಾರುಕಟ್ಟೆ ರಾಜ್ಯದ ದೊಡ್ಡ ಮಾರುಕಟ್ಟೆಗಳಲ್ಲೊಂದು. ಗೂಡಿನಿಂದ ನೂಲು ಬಿಚ್ಚುವ ಕೆಲಸದಲ್ಲಿ ಬಹಳಷ್ಟು ಮುಸ್ಲಿಮ್ ಕುಟುಂಬಗಳು ತೊಡಗಿವೆ. ಗೂಡು ಕೊಂಡ ಮೇಲೆ ತಡಮಾಡುವಂತಿಲ್ಲ. ಒಳಗಿನ ಹುಳು ಚಿಟ್ಟೆಯಾಗಿ ಗೂಡನ್ನು ತೂತು ಮಾಡಿ ಹೊರಬಂದರೆ ಉದ್ದನೆಯ ಎಳೆ ತುಂಡಾಗಿ ಹೋಗುತ್ತದೆ. ಆದ್ದರಿಂದ ಗೂಡನ್ನು ಬಿಸಿನೀರಿನಲ್ಲಿ ಬೇಯಿಸಿ ಎಳೆ ತೆಗೆಯುವ ಕೆಲಸ ಹಬೆ, ವಾಸನೆಗಳ ನಡುವೆ ಬಿಡುವಿಲ್ಲದೆ ಸಾಗುತ್ತದೆ. ಮನೆಯ ಹೆಂಗಸರ ಕೈಯೂ ಅದರಲ್ಲಿರುತ್ತದೆ.

ಸುತ್ತಲಿನ ಹಳ್ಳಿಗಳಲ್ಲಿ ಹುಳು ಸಾಕುವವರ ಪಾಡು ಇನ್ನೊಂದು ಬಗೆ. ಹುಳು ನಾಲ್ಕು ಜ್ವರ ಕಳೆದು ಕೊನೆಯ ಹಂತಕ್ಕೆ ಬಂದಾಗ ಹಗಲಿರುಳೆನ್ನದೆ ಹಿಪ್ಪುನೇರಳೆ ಸೊಪ್ಪು ತಿನ್ನುತ್ತದೆ. ಆ ಒಂದು ವಾರ ಮನೆಯವರಿಗೆ ನಿದ್ದೆಯೇ ಇರುವುದಿಲ್ಲ. ಹೊರಗಿನವರ ಕಾಲಿನ ಧೂಳಿನೊಂದಿಗೆ ರೋಗ ಬಂದರೆ ಇಡೀ ಬೆಳೆಯೇ ಹೋದೀತು. ಸೊಳ್ಳೆಗೆಂದು ಮೈಗೆ ಹಚ್ಚಿಕೊಂಡ ಔಷಧಿಯೂ ಹುಳುವಿಗೆ ಅಪಾಯ. ಬೆಟ್ಟದ ಕೆಸರು ಮೆತ್ತಿದ ಶೂ ಹಾಕಿಕೊಂಡು "ಹುಳು ತೋರಿಸಿ" ಎಂದು ಮಕ್ಕಳು ಹುಳುಮನೆಗೆ ನುಗ್ಗಿದರೆ ಅತಿಥೇಯರು ಬಾಯಿಬಿಟ್ಟು ಬೇಡವೆನ್ನಲಾರರು. ನಷ್ಟ ಮಾತ್ರ ಅವರದ್ದು.

ಆದ್ದರಿಂದ ಹಿಂದಿನ ದಿನವೇ ಫೋನ್ ಮಾಡಿ. "ನಾಳೆ ಬರುತ್ತೇವೆ" ಎಂದು ತಿಳಿಸಬೇಡಿ, "ನಾಳೆ ಯಾವ ಹೊತ್ತು ನಿಮಗೆ ಅನುಕೂಲ?" ಎಂದು ಕೇಳಿ. ಈ ಎರಡು ಮಾತುಗಳ ನಡುವೆ ಬಹಳ ವ್ಯತ್ಯಾಸವಿದೆ. ಅನುಮತಿ ಪಡೆಯದೆ, ಸಲಾಮ್ ಹೇಳದೆ ಇತರರ ಮನೆಯನ್ನು ಪ್ರವೇಶಿಸಬಾರದು, ಮರಳಿ ಹೋಗಿರೆಂದರೆ ಮರಳಬೇಕು ಎಂದು ಅನ್ನೂರ್ ಅಧ್ಯಾಯ ನಮಗೆ ಕಲಿಸಿದೆ. "ಇವತ್ತು ಬೇಡ, ಮುಂದಿನ ವಾರ ಬನ್ನಿ" ಎಂದರೆ ಮುನಿಸಿಕೊಳ್ಳುವ ಅಗತ್ಯವಿಲ್ಲ.

ಅಡುಗೆಮನೆಯ ಲೆಕ್ಕ

ಅತಿಥಿಗಳು ಬಂದರೆ ಗಂಡಸರು ಹಾಲ್‌ನಲ್ಲಿ ಕುಳಿತು ಮಾತಾಡುತ್ತಾರೆ. ಆ ಸಂತೋಷದ ಖರ್ಚು ಬೀಳುವುದು ಅಡುಗೆಮನೆಯ ಮೇಲೆ. ಎಂಟು ಜನ ಹಸಿದು ಬಂದು ಕುಳಿತಾಗ ಬಿರಿಯಾನಿಯ ಪಾತ್ರೆ ಇಳಿಸದೆ ಇರಲು ನಮ್ಮ ಹೆಂಗಸರ ಮನಸ್ಸು ಒಪ್ಪುವುದಿಲ್ಲ. ನಿಮ್ಮನ್ನು ಕಾಣಲು ಹಂಬಲಿಸಿದ ಆ ಸಹೋದರಿ ಎರಡು ಗಂಟೆ ಒಲೆಯ ಮುಂದೆ ಕಳೆದು, ನೀವು ಹೊರಡುವಾಗ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಾ ಬಾಗಿಲಿಗೆ ಬರುತ್ತಾಳೆ. ಇದು ಯಾರ ಭೇಟಿಯಾಯಿತು?

ತಮ್ಮ ಮಕ್ಕಳನ್ನು ಹಸಿದೇ ಮಲಗಿಸಿ, ದೀಪ ಆರಿಸಿ, ಇದ್ದ ಆಹಾರವನ್ನೆಲ್ಲ ಅತಿಥಿಗೆ ಉಣಿಸಿದ ಮದೀನಾದ ಅನ್ಸಾರಿ ದಂಪತಿಯ ಘಟನೆ ನಮಗೆಲ್ಲ ಗೊತ್ತು. ಅದು ಅತಿಥೇಯರಿಗೆ ಆದರ್ಶ. ಅತಿಥಿಗಳು ಅದನ್ನು ತಮ್ಮ ಹಕ್ಕುಪತ್ರ ಎಂದು ತಿಳಿಯಬಾರದು. ಆತಿಥ್ಯ ಮೂರು ದಿನ ಎಂದ ಪ್ರವಾದಿವರ್ಯರೇ(ಸ), ಅತಿಥೇಯನಿಗೆ ತೊಂದರೆಯಾಗುವಷ್ಟು ಉಳಿಯುವುದು ಸಮ್ಮತವಲ್ಲವೆಂದೂ ಎಚ್ಚರಿಸಿದ್ದಾರೆ.

ಹಾಗಾಗಿ ತಿಂಡಿ ಮುಗಿಸಿಯೇ ಹೋಗಿ, ಅಥವಾ ದಾರಿಯಲ್ಲಿ ಕಟ್ಟಿಸಿಕೊಂಡು ಹೋಗಿ ಎಲ್ಲರೂ ಕೂಡಿ ತಿನ್ನಿ. "ಚಹಾ ಮಾತ್ರ ಸಾಕು, ನೀವು ನಮ್ಮ ಜೊತೆ ಕುಳಿತುಕೊಳ್ಳಿ" ಎಂದು ಫೋನಿನಲ್ಲೇ ಸ್ಪಷ್ಟವಾಗಿ ಹೇಳಿ. ಆದರೂ ಚಳಿಗಾಲದಲ್ಲಿ ಹೋದವರ ಕೈಗೆ ಒಂದು ಚೀಲ ಅವರೆಕಾಯಿ, ಕಾಲಕ್ಕೆ ತಕ್ಕಂತೆ ಒಂದಿಷ್ಟು ದ್ರಾಕ್ಷಿ ಬಂದೇ ಬರುತ್ತದೆ. ಅದನ್ನು ಸಂತೋಷದಿಂದ ಪಡೆಯಿರಿ. ನಿಮ್ಮ ಕೈಯಿಂದಲೂ ಏನಾದರೊಂದು ಹೋಗಲಿ, ಅದು ದುಬಾರಿಯದೇ ಆಗಬೇಕಿಲ್ಲ.

ಮುಚ್ಚಿದ ಬಾಗಿಲು

ಕೆಲವು ಮನೆಗಳ ಮುಂದೆ ಕಾರು ನಿಲ್ಲದಿರುವುದಕ್ಕೆ ಸಮಯದ ಅಭಾವ ಒಂದು ನೆಪ ಮಾತ್ರ. ಆಸ್ತಿ ಪಾಲಿನ ವೇಳೆ ಆಡಿದ ಒಂದು ಮಾತು, ಮದುವೆಗೆ ಸರಿಯಾಗಿ ಕರೆಯಲಿಲ್ಲವೆಂಬ ಕೊರಗು, ವರ್ಷಗಟ್ಟಲೆ ಮುಚ್ಚಿಹೋದ ಬಾಗಿಲು. ಇಂಥ ಮನೆಗೆ ಬೇಕೆಂದೇ ಹೊರಟು ಹೋಗಲು ಕಾಲು ಏಳುವುದಿಲ್ಲ. ಹೋದರೆ ಏನು ಮಾತಾಡುವುದು, ಯಾರು ಮೊದಲು ಕ್ಷಮೆ ಕೇಳುವುದು ಎಂಬ ಭಯ.

ಪ್ರಯಾಣದ ನಡುವಿನ ಭೇಟಿ ಇಲ್ಲಿ ಬಹಳ ಉಪಕಾರಿ. "ಸ್ಕಂದಗಿರಿಗೆ ಬಂದಿದ್ದೆವು, ಮಾಮುವನ್ನು ನೋಡದೆ ಹೋಗಲು ಮನಸ್ಸಾಗಲಿಲ್ಲ" ಎಂಬ ಒಂದು ಮಾತು ಸಾಕು. ಹಳೆಯ ಲೆಕ್ಕ ಬಿಚ್ಚುವಷ್ಟು ಸಮಯ ಅಲ್ಲಿರುವುದಿಲ್ಲ, ಅದು ಒಳ್ಳೆಯದೇ. ಮಕ್ಕಳು ಸಲಾಮ್ ಹೇಳುತ್ತಾರೆ, ಅಜ್ಜಿ ಅವರ ತಲೆ ಸವರುತ್ತಾರೆ, ಅರ್ಧ ಗಂಟೆಯಲ್ಲಿ ಎದ್ದು ಬರಬಹುದು. ಬಂದವರ ಮನೆಗೆ ಮಾತ್ರ ಹೋಗುವವನು ಸಂಬಂಧ ಜೋಡಿಸುವವನಲ್ಲ, ಕಡಿದುಕೊಂಡವರೊಂದಿಗೆ ಜೋಡಿಸುವವನೇ ನಿಜವಾಗಿ ಸಂಬಂಧ ಜೋಡಿಸುವವನು ಎಂಬುದು ಪ್ರವಾದಿವರ್ಯರ(ಸ) ಬೋಧನೆಯ ಸಾರ. ಅವರು ಮುಖ ತಿರುಗಿಸಿದರೂ ನಿಮ್ಮ ಪಾಲಿನ ಕರ್ತವ್ಯ ಸಂದಿದೆ.

ಹೊರಡುವ ಮುನ್ನ

ಮುಂದಿನ ಪ್ರವಾಸದ ಪಟ್ಟಿ ಮಾಡುವಾಗ ಬೆಟ್ಟದ ಹೆಸರಿನ ಪಕ್ಕದಲ್ಲೇ ಒಂದು ಮನೆಯ ಹೆಸರನ್ನೂ ಬರೆಯಿರಿ. ಒಂದೇ ಮನೆ ಸಾಕು. ಶಿಡ್ಲಘಟ್ಟ, ಚಿಂತಾಮಣಿ ಒಂದು ದಿಕ್ಕಿಗಾದರೆ ಗೌರಿಬಿದನೂರು ಇನ್ನೊಂದು ದಿಕ್ಕಿಗೆ. ಎಲ್ಲರನ್ನೂ ಒಂದೇ ದಿನ ಮುಗಿಸುವ ಅವಸರದಲ್ಲಿ ಯಾರ ಜೊತೆಯೂ ಕೂರಲಾಗುವುದಿಲ್ಲ. ಹಾಸಿಗೆ ಹಿಡಿದ ಹಿರಿಯರಿರುವ ಮನೆಗೆ, ಹೊಸದಾಗಿ ಮದುವೆಯಾಗಿ ಹೋದ ಹುಡುಗಿಯ ಮನೆಗೆ, ಮಾತು ನಿಂತುಹೋದ ಮನೆಗೆ ಮೊದಲ ಆದ್ಯತೆ ಇರಲಿ.

ಸೂರ್ಯೋದಯ ನೋಡುವ ಆತುರದಲ್ಲಿ ಫಜ್ರ್ ತಪ್ಪದಂತೆ ವುಝೂ ಮಾಡಲು ನೀರು, ಹಾಸಲು ಒಂದು ಮುಸಲ್ಲಾ ಜೊತೆಗಿರಲಿ. ಇಳಿದ ಮೇಲೆ ಕೈಕಾಲು ತೊಳೆದು ಬಟ್ಟೆ ಬದಲಿಸಿಕೊಂಡು ಬಂಧುಗಳ ಮನೆಗೆ ಹೋಗಿ. ಅಲ್ಲಿ ಮಕ್ಕಳ ಮೊಬೈಲ್ ಒಂದು ಗಂಟೆ ಚೀಲದೊಳಗಿರಲಿ. ಇವರು ನಿಮಗೆ ಏನಾಗಬೇಕು ಎಂದು ಕಾರಿನಲ್ಲೇ ಅವರಿಗೆ ಹೇಳಿಕೊಡಿ.

ಸ್ಕಂದಗಿರಿ ಮುಂದಿನ ವರ್ಷವೂ ಅಲ್ಲೇ ಇರುತ್ತದೆ, ಮೋಡಗಳೂ ಬರುತ್ತವೆ. ಆದರೆ ಚಿಕ್ಕಬಳ್ಳಾಪುರದ ಆ ಮನೆಯ ಜಗಲಿಯಲ್ಲಿ ಕುಳಿತ ವೃದ್ಧೆ ಮುಂದಿನ ವರ್ಷವೂ ಇರುತ್ತಾರೆಂದು ಯಾರೂ ಹೇಳಲಾರರು. ಈ ಸಲ ಕಾರನ್ನು ಅಲ್ಲಿ ಒಮ್ಮೆ ನಿಲ್ಲಿಸಿ.