ಹೊಸ ರೈಫಲ್ ಗುರಿ ತಪ್ಪಿದರೆ

2008ರಲ್ಲಿ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದದ್ದು 10 ಮೀಟರ್ ಏರ್ ರೈಫಲ್‌ನಲ್ಲಿ. 2024ರಲ್ಲಿ ಕೊಲ್ಲಾಪುರ ಜಿಲ್ಲೆಯ ಸ್ವಪ್ನಿಲ್ ಕುಸಾಳೆ ಪ್ಯಾರಿಸ್‌ನಿಂದ ತಂದ ಕಂಚೂ ರೈಫಲ್‌ನದೇ. ಕಾರವಾರ, ಅಂಕೋಲೆಯ ಹುಡುಗ ಹುಡುಗಿಯರು ತಮಗೂ ಒಂದು ಬೇಕೆಂದು ಹಟ ಹಿಡಿದರೆ ಆಶ್ಚರ್ಯವೇನು? ಅಪ್ಪ ಹುಬ್ಬಳ್ಳಿಗೆ ಹೋಗಿ, ಸನ್ನೆ ಎಳೆದು ಹೊಡೆಯುವ ಏರ್ ರೈಫಲ್ ತರುತ್ತಾರೆ. ಮನೆಯಲ್ಲಿ ನೋಡಿದರೆ ಒಂದು ಗುಂಡು ಮೇಲೆ, ಇನ್ನೊಂದು ಕೆಳಗೆ!

ತಕ್ಷಣ ಅಂಗಡಿಯವನನ್ನು ಬೈಯಬೇಡಿ. ಹಿಂದೆ ಗಟ್ಟಿ ತಡೆ ಇರುವ ಜಾಗದಲ್ಲಿ, ಕಣ್ಣಿಗೆ ಕನ್ನಡಕ ಹಾಕಿ, ದೊಡ್ಡವರ ಎದುರಿನಲ್ಲೇ 10 ಮೀಟರ್ ದೂರದ ಕಾಗದಕ್ಕೆ ಐದು ಗುಂಡು ಹೊಡೆಯಿರಿ. ಐದೂ ಒಂದೇ ಕಡೆ ಗುಂಪಾಗಿ ಬಿದ್ದು ನಡುವಿನಿಂದ ದೂರವಿದ್ದರೆ ಅದು ದೋಷವಲ್ಲ. ಗುರಿಕಣ್ಣು ಹೊಂದಿಸಿದರೆ ಸಾಕು. ಚೆದುರಿದ್ದರೆ ಮರದ ಹಿಡಿಯ ಸ್ಕ್ರೂ ಬಿಗಿಮಾಡಿ, ಬೇರೆ ಕಂಪನಿಯ ಗುಂಡು ಹಾಕಿ ನೋಡಿ. ಆಗಲೂ ಚೆದುರಿದರೆ ರೈಫಲ್ ಮೇಲೆ ಅನುಮಾನಪಡಬಹುದು. ಮೊದಲ ಕೆಲವು ಹೊಡೆತಗಳಲ್ಲಿ ಬರುವ ಹೊಗೆ, ಕಾರ್ಖಾನೆಯಲ್ಲಿ ಹಚ್ಚಿದ ಎಣ್ಣೆಯದು. ಆದರೆ ಎಳೆದ ಸನ್ನೆ ನಿಲ್ಲದೆ ತಾನಾಗಿ ಜಾರಿದರೆ ಪರೀಕ್ಷೆ ಅಲ್ಲಿಗೇ ಮುಗಿಯಲಿ. ಅದು ಬೆರಳು ಕತ್ತರಿಸಬಲ್ಲದು.

ಬಿಚ್ಚಿ ನೋಡುವ ಚಪಲ ಮಾತ್ರ ಬೇಡ. ಒಳಗಿನ ಸ್ಪ್ರಿಂಗ್ ಸುಮ್ಮನಿದ್ದಾಗಲೂ ಒತ್ತಡದಲ್ಲಿರುತ್ತದೆ, ಮುಖಕ್ಕೇ ಸಿಡಿದೀತು. ಜೊತೆಗೆ, 'ನೀವೇ ಕೆಡಿಸಿದ್ದು' ಎನ್ನಲು ಅಂಗಡಿಯವನಿಗೆ ನೆಪವೂ ಸಿಗುತ್ತದೆ. ನಮ್ಮ ಉಪ್ಪುಗಾಳಿಗೆ ಒಂದು ಮಳೆಗಾಲದಲ್ಲೇ ಕಬ್ಬಿಣ ತುಕ್ಕು ಹಿಡಿಯುತ್ತದೆ. ಆದ್ದರಿಂದ ಪೆಟ್ಟಿಗೆ ತೆರೆದ ದಿನವೇ ನಳಿಗೆಯ ಫೋಟೊ ತೆಗೆದಿಡಿ. ಯಾರ ತುಕ್ಕು ಎಂಬ ಜಗಳ ಆಗ ಉಳಿಯುವುದಿಲ್ಲ.

ಖರೀದಿಸುವಾಗಲೇ ಬಿಲ್ ಕೇಳಿ ಪಡೆಯಿರಿ. 4.5 ಮಿಲಿಮೀಟರ್ ಮೀರದ, 20 ಜೂಲ್‌ಗಿಂತ ಹೆಚ್ಚು ಶಕ್ತಿಯಿಲ್ಲದ ಏರ್ ರೈಫಲ್‌ಗೆ ಲೈಸೆನ್ಸ್ ಬೇಡ, ನಿಜ. ಬಿಲ್ ಬೇಡವೆಂದು ಅದರ ಅರ್ಥವಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ, ದೋಷವಿರುವ ಸರಕನ್ನು ಬಿಲ್‌ನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳದಿದ್ದರೆ 30 ದಿನದೊಳಗೆ, ಹಿಂದೆ ಪಡೆದು ಹಣ ಕೊಡಲು ನಿರಾಕರಿಸುವುದು ಅನುಚಿತ ವ್ಯಾಪಾರ. ಕೊಂಡದ್ದು ಹುಬ್ಬಳ್ಳಿಯಲ್ಲಾದರೂ ಅಂಕೋಲೆಯವರು ಕಾರವಾರದ ಜಿಲ್ಲಾ ಗ್ರಾಹಕರ ಆಯೋಗಕ್ಕೇ ದೂರು ಕೊಡಬಹುದು. 5 ಲಕ್ಷ ರೂಪಾಯಿವರೆಗಿನ ಖರೀದಿಗೆ ಶುಲ್ಕವಿಲ್ಲ. ಎರಡು ವರ್ಷದೊಳಗೆ ಕೊಡಬೇಕು, ಅಷ್ಟೆ. ಅದಕ್ಕೂ ಮೊದಲು 1915ಕ್ಕೆ ಫೋನ್ ಮಾಡಿ ನೋಡಿ, ಅಂಗಡಿಗೆ ಸ್ಪೀಡ್ ಪೋಸ್ಟ್‌ನಲ್ಲಿ ಒಂದು ಪತ್ರ ಹಾಕಿ. ಐದು ತೂತುಗಳ ಆ ಕಾಗದಕ್ಕೆ ತಾರೀಖು ಬರೆದು, ಅದರ ಜೆರಾಕ್ಸ್ ಪ್ರತಿಯನ್ನು ಪತ್ರದ ಜೊತೆಗಿಡಿ. ಮೂಲ ಕಾಗದ ನಿಮ್ಮಲ್ಲೇ ಇರಲಿ.