ಝೆರಾಕ್ಸ್ ಕಟ್ಟಿನ ಬದಲು ಒಂದು ಒಪ್ಪಿಗೆ ಪತ್ರ

ಕನಕಗಿರಿ ತಾಲ್ಲೂಕಿನ ನವಲಿಯ ಹೆಸರು ಪತ್ರಿಕೆಗಳಲ್ಲಿ ಕಾಣಿಸುವುದು ಹೆಚ್ಚಾಗಿ ನೀರಿನ ಸುದ್ದಿಯ ಜೊತೆಗೆ. ತುಂಗಭದ್ರಾ ಜಲಾಶಯದಲ್ಲಿ ಹೂಳು ತುಂಬಿ ಕೈತಪ್ಪಿದ ನೀರನ್ನು ಹಿಡಿದಿಡಲು ಇಲ್ಲಿ ಸಮಾನಾಂತರ ಜಲಾಶಯ ಕಟ್ಟಬೇಕೆಂಬ ಮಾತು ವರ್ಷಗಳಿಂದ ನಡೆದಿದೆ. ನೀರಿನ ಲೆಕ್ಕವನ್ನು ಟಿಎಂಸಿಯಲ್ಲಿ ಇಡುತ್ತೇವೆ. ಜನರ ಮಾಹಿತಿಯೂ ಇಂಥ ಊರುಗಳಿಂದ ದಿನವೂ ಹೊರಗೆ ಹೋಗುತ್ತದೆ, ಅದಕ್ಕೆ ಮಾತ್ರ ಯಾರೂ ಲೆಕ್ಕ ಇಟ್ಟಿಲ್ಲ.

ಟ್ರ್ಯಾಕ್ಟರ್ ಸಾಲ ಬೇಕೆಂದರೆ ಪಹಣಿ, ಆಧಾರ್, ಪಾನ್ ಕಾರ್ಡ್ ಜೊತೆಗೆ ಆರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್. ಬೆಳೆ ಪರಿಹಾರಕ್ಕೆ, ಬೆಂಬಲ ಬೆಲೆಗೆ ನೆಲ್ಲು ಮಾರುವುದಕ್ಕೆ ರೈತರನ್ನು ನೋಂದಾಯಿಸುವ ಫ್ರೂಟ್ಸ್ ತಂತ್ರಾಂಶದ ಎಫ್‌ಐಡಿ ಸಂಖ್ಯೆ. 2023ರಲ್ಲಿ ಗೃಹಲಕ್ಷ್ಮಿಗೆ ಅರ್ಜಿ ಹಾಕಲು ಗ್ರಾಮ ಒನ್ ಕೇಂದ್ರಗಳ ಮುಂದೆ ಸಾಲುಗಟ್ಟಿದ ಹೆಣ್ಣುಮಕ್ಕಳ ಕೈಯಲ್ಲೂ ಇಂಥದೇ ಕಾಗದಗಳಿದ್ದವು. ಕೊಟ್ಟ ಝೆರಾಕ್ಸ್ ಪ್ರತಿ ಆಮೇಲೆ ಎಲ್ಲಿಗೆ ಹೋಯಿತು, ಯಾರ ಮೊಬೈಲಿನಲ್ಲಿ ಫೋಟೊ ಆಗಿ ಕುಳಿತಿತು ಎಂದು ಕೇಳುವ ರೂಢಿ ನಮ್ಮಲ್ಲಿಲ್ಲ.

ಅದರ ಬೆಲೆ ಏನೆಂಬುದನ್ನು ಅದೇ 2023 ತೋರಿಸಿತು. ಉಪನೋಂದಣಿ ಕಚೇರಿಗಳಲ್ಲಿ ಆಸ್ತಿ ನೋಂದಣಿ ಮಾಡಿಸಿದ ಹಲವರ ಖಾತೆಯಿಂದ, ಒಂದು ಒಟಿಪಿಯೂ ಬಾರದೆ, ಹಣ ಮಾಯವಾಗತೊಡಗಿತು. ನೋಂದಣಿ ಪತ್ರಗಳ ಪ್ರತಿಯಲ್ಲಿದ್ದ ಆಧಾರ್ ಸಂಖ್ಯೆ ಮತ್ತು ಹೆಬ್ಬೆಟ್ಟಿನ ಗುರುತನ್ನೇ ಕದ್ದು, ಆಧಾರ್ ಆಧಾರಿತ ಪಾವತಿ ವ್ಯವಸ್ಥೆಯ ಮೂಲಕ ಹಣ ಎಳೆದಿದ್ದರು. ಪಾಸ್‌ವರ್ಡ್ ಹೋದರೆ ಬದಲಿಸಬಹುದು, ಹೆಬ್ಬೆಟ್ಟನ್ನು ಬದಲಿಸಲಾಗದು.

ಮಾಹಿತಿ ನನ್ನದು, ಯಾರಿಗೆ, ಯಾತಕ್ಕೆ, ಎಷ್ಟು ದಿನ ಎಂದು ಹೇಳುವವನೂ ನಾನೇ ಎಂಬ ಮಾತನ್ನು ವ್ಯವಹಾರಕ್ಕೆ ಇಳಿಸಲು ಹೊರಟ ಕೆಲವು ಕಂಪನಿಗಳನ್ನು ಪರಿಚಯಿಸುವುದು ಈ ಲೇಖನದ ಉದ್ದೇಶ. ಇವುಗಳನ್ನು ಅಕೌಂಟ್ ಅಗ್ರಿಗೇಟರ್ ಎನ್ನುತ್ತಾರೆ. ಹೆಸರು ಕೇಳಿದರೆ ಎಲ್ಲ ಖಾತೆಗಳನ್ನೂ ಗುಡ್ಡೆ ಹಾಕಿ ಇಟ್ಟುಕೊಳ್ಳುವವರು ಎನಿಸುತ್ತದೆ. ಅವರು ಮಾಡುವುದು ಅದಕ್ಕೆ ತದ್ವಿರುದ್ಧ ಕೆಲಸ. 2016ರ ಸೆಪ್ಟೆಂಬರ್‌ನಲ್ಲಿ ರಿಸರ್ವ್ ಬ್ಯಾಂಕ್ ಹೊರಡಿಸಿದ ನಿರ್ದೇಶನದ ಪ್ರಕಾರ, ಈ ಪರವಾನಗಿ ಪಡೆದ ಕಂಪನಿ ಗ್ರಾಹಕರ ಮಾಹಿತಿಯನ್ನು ಸಾಗಿಸಬಹುದೇ ಹೊರತು ಸಂಗ್ರಹಿಸಿ ಇಟ್ಟುಕೊಳ್ಳುವಂತಿಲ್ಲ. ಸಾಲ ಕೊಡುವುದೂ ಸೇರಿದಂತೆ ಬೇರೆ ವ್ಯಾಪಾರಕ್ಕೂ ಕೈಹಾಕುವಂತಿಲ್ಲ. ಅರಗು ಒತ್ತಿದ ಲಕೋಟೆಯನ್ನು ಒಯ್ಯುವ ಅಂಚೆಯವನ ಹಾಗೆ. ಕಳುಹಿಸುವ ಬ್ಯಾಂಕ್ ಮಾಹಿತಿಯನ್ನು ಗೂಢಲಿಪಿಗೆ ಇಳಿಸಿ ಕೊಡುತ್ತದೆ, ಅದನ್ನು ಬಿಡಿಸುವ ಕೀಲಿ ಪಡೆಯುವ ಸಂಸ್ಥೆಯ ಬಳಿ ಮಾತ್ರ ಇರುತ್ತದೆ.

ಕೆಲಸ ನಡೆಯುವ ಬಗೆ ಹೀಗೆ. ಸಾಲ ಕೇಳಿದವರ ಮೊಬೈಲಿಗೆ ಒಂದು ಒಪ್ಪಿಗೆ ಪತ್ರ ಬರುತ್ತದೆ. ಯಾವ ಖಾತೆಯ ವಿವರ, ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ, ಯಾವ ಕೆಲಸಕ್ಕೆ, ಒಂದೇ ಸಲವೋ ತಿಂಗಳಿಗೊಮ್ಮೆಯೋ, ಪಡೆದವರು ಎಷ್ಟು ಕಾಲ ಇಟ್ಟುಕೊಳ್ಳಬಹುದು ಎಂಬುದೆಲ್ಲ ಅದರಲ್ಲಿ ಬರೆದಿರಬೇಕು. ಒಪ್ಪಿದರೆ ಒಟಿಪಿ ಹಾಕಿ ಕಳುಹಿಸುವುದು, ಇಲ್ಲವಾದರೆ ತಿರಸ್ಕರಿಸುವುದು. ತಿಂಗಳಿಗೊಮ್ಮೆ ಎಂದು ಕೊಟ್ಟ ಒಪ್ಪಿಗೆಯನ್ನು ನಡುವೆ ಹಿಂತೆಗೆದುಕೊಳ್ಳಲೂಬಹುದು. ನನ್ನ ಮಟ್ಟಿಗೆ ಇಡೀ ವ್ಯವಸ್ಥೆಯ ಜೀವ ಇರುವುದು ಈ ಹಿಂತೆಗೆದುಕೊಳ್ಳುವ ಗುಂಡಿಯಲ್ಲೇ. ಝೆರಾಕ್ಸ್ ಪ್ರತಿಗೆ ಅಂಥ ಗುಂಡಿ ಇಲ್ಲ. ಮೊದಲು ಕೆಲವು ಆ್ಯಪ್‌ಗಳು ಗ್ರಾಹಕರ ನೆಟ್ ಬ್ಯಾಂಕಿಂಗ್ ಪಾಸ್‌ವರ್ಡನ್ನೇ ಕೇಳಿ ಸ್ಟೇಟ್‌ಮೆಂಟ್ ತೆಗೆದುಕೊಳ್ಳುತ್ತಿದ್ದವು. ಆ ಅಪಾಯಕ್ಕೂ ಇದು ಉತ್ತರ.

ಈ ಕೆಲಸದ ಬೇರು ದೊಡ್ಡ ಮಟ್ಟಿಗೆ ಬೆಂಗಳೂರಿನಲ್ಲಿದೆ. 2008ರಲ್ಲಿ ಇಲ್ಲಿ ಹುಟ್ಟಿದ ಪರ್ಫಿಯೋಸ್ ಬಳಗದ ‘ಅನುಮತಿ’, ಬೆಂಗಳೂರಿನದೇ ಆದ ‘ಸೇತು’, ಹೈದರಾಬಾದಿನ ‘ಒನ್‌ಮನಿ’, ಪುಣೆಯ ‘ಫಿನ್‌ವು’ ಇವೆಲ್ಲ ಈ ಪರವಾನಗಿಯ ಕಂಪನಿಗಳು. ಇವನ್ನೂ ಬ್ಯಾಂಕುಗಳನ್ನೂ ಒಂದೇ ನಿಯಮದಡಿ ಕೂಡಿಸಲು ಲಾಭದ ಉದ್ದೇಶವಿಲ್ಲದ ‘ಸಹಮತಿ’ ಎಂಬ ಒಕ್ಕೂಟ ಬೆಂಗಳೂರಿನಲ್ಲಿ 2019ರಲ್ಲಿ ಹುಟ್ಟಿತು. ಅದರ ಸ್ಥಾಪಕರಲ್ಲಿ ಒಬ್ಬರು ಬಿ.ಜಿ. ಮಹೇಶ್. ಇಂಟರ್‌ನೆಟ್ಟಿನಲ್ಲಿ ಕನ್ನಡ ಅಪರೂಪವಾಗಿದ್ದ ದಿನಗಳಲ್ಲಿ ‘ದಟ್ಸ್‌ಕನ್ನಡ’ ತಾಣವನ್ನು ಕಟ್ಟಿ, ದೂರದ ಕನ್ನಡಿಗರಿಗೆ ಊರಿನ ಸುದ್ದಿ ಮುಟ್ಟಿಸಿದವರು ಇವರೇ. 2021ರ ಸೆಪ್ಟೆಂಬರ್ 2ರಂದು ಎಂಟು ಬ್ಯಾಂಕುಗಳೊಂದಿಗೆ ಈ ಜಾಲ ಸಾರ್ವಜನಿಕರಿಗೆ ತೆರೆದುಕೊಂಡಿತು. ಮರುವರ್ಷ ಜಿಎಸ್‌ಟಿ ಜಾಲವನ್ನೂ ಮಾಹಿತಿ ಕೊಡುವವರ ಪಟ್ಟಿಗೆ ರಿಸರ್ವ್ ಬ್ಯಾಂಕ್ ಸೇರಿಸಿತು. ಅಡವಿಡಲು ಆಸ್ತಿ ಇಲ್ಲದ ಸಣ್ಣ ವ್ಯಾಪಾರಿ ತನ್ನ ವಹಿವಾಟನ್ನೇ ತೋರಿಸಿ ಸಾಲ ಕೇಳುವ ದಾರಿ ಅದು.

ಮಾಹಿತಿ ನನ್ನದು ಎಂಬ ಮಾತಿಗೆ ಬಲ ತಂದ ತೀರ್ಪಿನಲ್ಲೂ ಕನ್ನಡನಾಡಿನ ಹೆಸರಿದೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ 2012ರಲ್ಲಿ, ಎಂಬತ್ತು ದಾಟಿದ ವಯಸ್ಸಿನಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟ್ ಮೆಟ್ಟಿಲು ಹತ್ತಿದರು. ಆ ಪ್ರಕರಣದಲ್ಲೇ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ, ಖಾಸಗಿತನ ಮೂಲಭೂತ ಹಕ್ಕು ಎಂದು ಒಮ್ಮತದಿಂದ ಹೇಳಿತು. ಪುಟ್ಟಸ್ವಾಮಿಯವರು 2024ರಲ್ಲಿ ತೀರಿಕೊಂಡರು. ನಮ್ಮ ಶಾಲೆಯ ಪಾಠಗಳಲ್ಲಿ ಅವರ ಹೆಸರು ಇರಬೇಕು ಎಂಬುದು ನನ್ನ ಆಸೆ.

ವ್ಯವಸ್ಥೆ ಚೆನ್ನಾಗಿದೆ, ಆದರೆ ನವಲಿಯ ಮಟ್ಟಿಗೆ ಇದು ಇನ್ನೂ ಅರ್ಧ ದಾರಿಯಲ್ಲಿದೆ. ಬ್ಯಾಂಕು, ವಿಮೆ, ಮ್ಯೂಚುವಲ್ ಫಂಡ್, ಪಿಂಚಣಿಯಂಥ ಲೆಕ್ಕಗಳು ಇದರೊಳಗೆ ಬರುತ್ತವೆ. ರೈತನ ಪಹಣಿ, ಎಫ್‌ಐಡಿ, ಊರಿನ ಸಹಕಾರ ಸಂಘದ ಸಾಲದ ಲೆಕ್ಕ, ನೆಲ್ಲು ಹಾಕುವ ದಲಾಲಿ ಅಂಗಡಿಯ ಪುಸ್ತಕ ಹೊರಗೇ ಉಳಿದಿವೆ. ಇನ್ನೊಂದು ತೊಡಕು ಇದಕ್ಕಿಂತ ಆಳದ್ದು. ಹಣದ ಜರೂರು ಇರುವವರು ಸಾಲ ಕೊಡುವವರ ಎದುರು ಕುಳಿತಾಗ ‘ಒಲ್ಲೆ’ ಎನ್ನುವ ಧೈರ್ಯ ಎಲ್ಲಿಂದ ಬರಬೇಕು? ಒಮ್ಮೆ ಕೈಬಿಟ್ಟ ಮಾಹಿತಿ, ಒಪ್ಪಿಗೆ ಹಿಂತೆಗೆದುಕೊಂಡ ಮಾತ್ರಕ್ಕೆ ಮರಳಿ ಬರುವುದೂ ಇಲ್ಲ, ಮುಂದಿನ ಹರಿವು ನಿಲ್ಲುತ್ತದೆ ಅಷ್ಟೆ. ಅದಕ್ಕಾಗಿಯೇ ಕಾನೂನಿನ ಬೇಲಿ ಬೇಕು. ಸಾಲದ ಆ್ಯಪ್‌ಗಳು ಮೊಬೈಲಿನಲ್ಲಿರುವ ನಂಬರುಗಳ ಪಟ್ಟಿ, ಕರೆಗಳ ವಿವರ, ಫೋಟೊಗಳಿಗೆ ಕೈಹಾಕಬಾರದು ಎಂದು ರಿಸರ್ವ್ ಬ್ಯಾಂಕ್ 2022ರಲ್ಲಿ ಹೇಳಿದ್ದು ಅಂಥ ಒಂದು ಬೇಲಿ. ಕಂತು ತಪ್ಪಿದವರ ನೆಂಟರಿಗೆಲ್ಲ ಫೋನು ಮಾಡಿ ಮಾನ ಕಳೆಯುವ ದಂಧೆಗೆ ಆ ಪಟ್ಟಿಯೇ ಬಂಡವಾಳವಾಗಿತ್ತು.

ದೊಡ್ಡ ಬೇಲಿ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಹೊರಬಿದ್ದಿವೆ. ಹಣಕಾಸಿನ ಆಚೆಗೂ ನಮ್ಮ ಒಪ್ಪಿಗೆಗಳನ್ನು ಒಂದೇ ಕಡೆ ನೋಡಿ, ಕೊಟ್ಟು, ಹಿಂಪಡೆಯಲು ನೆರವಾಗುವ ‘ಕನ್ಸೆಂಟ್ ಮ್ಯಾನೇಜರ್’ ಎಂಬ ಹೊಸ ಬಗೆಯ ಸಂಸ್ಥೆಗಳಿಗೆ ಅದರಲ್ಲಿ ಜಾಗವಿದೆ. ಕನಿಷ್ಠ 2 ಕೋಟಿ ರೂಪಾಯಿ ನಿವ್ವಳ ಮೌಲ್ಯದ ಭಾರತೀಯ ಕಂಪನಿಯಾಗಿರಬೇಕು, ತನ್ನ ಮೂಲಕ ಹೋಗುವ ಮಾಹಿತಿಯನ್ನು ಓದಲಾಗದಂತಿರಬೇಕು ಎಂಬ ಷರತ್ತುಗಳಿವೆ. ನಿಯಮ ಬಂದ ಒಂದು ವರ್ಷಕ್ಕೆ ಇವುಗಳ ನೋಂದಣಿ ಶುರುವಾಗಬೇಕು, ಉಳಿದ ಮುಖ್ಯ ಹೊಣೆಗಳು ಹದಿನೆಂಟು ತಿಂಗಳಿಗೆ ಜಾರಿಯಾಗಬೇಕು. ಸರ್ಕಾರದ ಸವಲತ್ತುಗಳ ವಿಷಯದಲ್ಲಿ ಮಾತ್ರ ಕಾಯ್ದೆ ಒಪ್ಪಿಗೆಯ ಷರತ್ತನ್ನು ಸಡಿಲಿಸಿದೆ. ಹಳ್ಳಿಯವರ ಮಾಹಿತಿಯ ಬಹುಪಾಲು ಸರ್ಕಾರದ ಬಳಿಯೇ ಇರುವಾಗ ಈ ಸಡಿಲಿಕೆ ನನಗೆ ಸರಿಕಾಣುವುದಿಲ್ಲ.

ಈಗಲೇ ಮಾಡಬಹುದಾದ ಕೆಲಸಗಳಿವೆ. ಆಧಾರ್ ಆ್ಯಪ್‌ನಲ್ಲಿ ಬೆರಳಚ್ಚಿಗೆ ಬೀಗ ಹಾಕಿ, ಪಡಿತರ ಅಂಗಡಿಗೆ ಹೋಗುವಾಗ ತೆಗೆಯಿರಿ. ನಿಮ್ಮ ಬ್ಯಾಂಕು ಅಕೌಂಟ್ ಅಗ್ರಿಗೇಟರ್ ಜಾಲದಲ್ಲಿದೆಯೇ ಎಂದು ವಿಚಾರಿಸಿ, ಹಿಂದೆ ಕೊಟ್ಟ ಒಪ್ಪಿಗೆ ಉಳಿದಿದ್ದರೆ ಬೇಡದ್ದನ್ನು ರದ್ದು ಮಾಡಿ. ಒಪ್ಪಿಗೆ ಕೇಳುವ ನೋಟಿಸನ್ನು ಸಂವಿಧಾನದ ಎಂಟನೇ ಪರಿಚ್ಛೇದದ ಯಾವುದೇ ಭಾಷೆಯಲ್ಲಿ ಓದುವ ಆಯ್ಕೆ ಇರಬೇಕೆಂದು ಹೊಸ ಕಾಯ್ದೆ ಹೇಳುತ್ತದೆ, ಅದರಲ್ಲಿ ಕನ್ನಡವೂ ಸೇರಿದೆ. ಇಂಗ್ಲಿಷಿನ ಪುಟ ತೋರಿಸಿ ಇಲ್ಲಿ ಒತ್ತಿ ಎಂದವರಿಗೆ, ಕನ್ನಡದಲ್ಲಿ ತೋರಿಸಿ, ಓದಿದ ಮೇಲೆ ಒತ್ತುತ್ತೇನೆ ಎಂದು ಹೇಳಿ.